ಯಾವ ಕಂದು

ನಲವತ್ತೆಂಟು ಡ್ರಾಯರಿನ ಹೋಮಿಯೋಪತಿ ಪೆಟ್ಟಿಗೆ.
ಟೆಂಪೋದಿಂದ ಇಳಿಸುವಾಗ ಎಣಿಸಿದೆ: ನಲವತ್ತೇಳು.
ಏಳನೇ ಸಾಲಲ್ಲಿ ಒಂದು ಚೌಕ ಕತ್ತಲೆ.
"ಅದೊಂದು ಮಾಡ್ಕೊಡಿ, ಹೊಸದು ಅಂತ ಗೊತ್ತಾಗಬಾರದು"
ಎಂದರು ಜೆಸಿಂತಾ ಮೇಡಂ,
ಕಾಕ್ಸ್ ಟೌನಿನ ಡಿಸ್ಪೆನ್ಸರಿಯಲ್ಲಿ ಮೂವತ್ತೊಂದು ವರ್ಷ ಕಾಂಪೌಂಡರ್.
ಡಾಕ್ಟರು ಹೋದ ಮೇಲೆ
ಸಂಬಳದ ಬಾಕಿಗೆ ಬಂದ ಪೆಟ್ಟಿಗೆಯಂತೆ.

ಮರ ಸಿಕ್ಕಿತು. ಬಂಬೂ ಬಜಾರಿನ ಗುಜರಿಯಲ್ಲಿ
ಯಾರದೋ ಬಾಗಿಲ ಚೌಕಟ್ಟು, ಬರ್ಮಾ ತೇಗ,
ಮೈಮೇಲೆ ಏಳು ಪದರ ಪೇಂಟು, ಕೊನೆಯದು ಆಸ್ಪತ್ರೆ ಹಸಿರು.
ಹಳೆಯದಕ್ಕೆ ಹಳೆಯದು, ಸಲೀಸು, ಅಂದುಕೊಂಡೆ.
ತೋಪಡ ಒಮ್ಮೆ ಓಡಿತಷ್ಟೆ,
ನೂರು ವರ್ಷದ ಮರದೊಳಗಿಂದ
ನಿನ್ನೆ ಕಡಿದಂಥ ಹಳದಿ
ನಾಚಿಕೆಯಿಲ್ಲದೆ ಎದ್ದು ಬಂತು.
ಮರಕ್ಕೆ ವಯಸ್ಸಾಗುವುದು ಕೂದಲೆಳೆಯ ದಪ್ಪ.
ಆ ಎಳೆಯನ್ನು ನಾನೀಗ ವಾರದಲ್ಲಿ ನೇಯಬೇಕು.

ಚಹಾ ಡಿಕಾಕ್ಷನ್ನು, ಕಾಚು, ಸುಣ್ಣದ ತಿಳಿ,
ವಿನಿಗರಿನಲ್ಲಿ ನೆನೆಸಿಟ್ಟ ತುಕ್ಕು ಮೊಳೆಯ ನೀರು
(ಇದು ಒಂದು ಹನಿ ಹೆಚ್ಚಾದರೂ ಮಸಿ, ಕ್ಷಮೆಯಿಲ್ಲ).
ಉಸ್ತಾದ್ ಇನಾಯತುಲ್ಲಾ ಹೇಳುತ್ತಿದ್ದರು,
ಬಣ್ಣ ಹಚ್ಚುವುದು ಸುಲಭ ಬೇಟಾ, ನಿಲ್ಲಿಸುವುದು ಕಷ್ಟ.
ಚೂರು ಚೂರಿಗೆ ಹಚ್ಚಿ, ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದು,
ಒಂದರಿಂದ ಹತ್ತೊಂಬತ್ತು.
ಟ್ಯೂಬ್‌ಲೈಟಿನ ಕೆಳಗೆ ಹನ್ನೊಂದನೆಯದು ಒಡಹುಟ್ಟು.
ಬೆಳಗ್ಗೆ ಶಿವಾಜಿನಗರದ ಫುಟ್‌ಪಾತಿಗೆ ತಂದು ನೋಡಿದರೆ
ಬೀಗರೂ ಅಲ್ಲ.

ಪೆಟ್ಟಿಗೆಯನ್ನೇ ಹೊರಗೆಳೆದೆ.
ಬಿಸಿಲಲ್ಲಿ ಅದು ನಲವತ್ತೇಳು ಥರ ಕಂದಾಯಿತು.
ಮೊದಲ ಸಾಲು ಕಿಟಕಿಯ ಬಿಸಿಲುಂಡು ಪೇಲವ.
ಮೂರನೇ ಸಾಲಿನ ಕೊನೆಯದರ ಪಾಲಿಶ್ ಇನ್ನೂ ಹಾಗೇ;
ಆ ಕಾಯಿಲೆ ಈ ಏರಿಯಾಕ್ಕೆ ಬರಲೇ ಇಲ್ಲವೇನೋ.
ಕೆಮ್ಮಿನದು, ಜ್ವರದ್ದು, ಮಕ್ಕಳ ಹೊಟ್ಟೆನೋವಿನದು,
ಹಿಡಿಯ ಸುತ್ತ ಬೆರಳ ಜಿಡ್ಡು ಕುಡಿದ ಕಪ್ಪು ಬಳೆ.
ಇದರಲ್ಲಿ ಯಾವ ಕಂದಿಗೆ ಹೊಂದಿಸಲಿ?

ಫೋನು ಮಾಡಿದೆ. "ಮೇಡಂ, ಅದರಲ್ಲಿ ಏನಿತ್ತು?"
ಆ ಕಡೆ ಕುಕ್ಕರಿನ ಎರಡು ವಿಷಲ್ಲು.
"ಅದ್ರಲ್ಲಿ ಔಷಧಿ ಇರ್ಲಿಲ್ಲ ಕಣಪ್ಪ. ಬರೀ ಸಕ್ಕರೆ ಗುಳಿಗೆ.
ಕೆಲವರು ಬರೋರು. ಏನಾಗಿದೆ ಅಂದ್ರೆ ಏನೂ ಇಲ್ಲ ಅನ್ನೋರು.
ಅಂದು, ಅಲ್ಲೇ ಕೂತಿರೋರು.
ಡಾಕ್ಟರು ನನ್ನ ಕಡೆ ನೋಡೋರು. ನಾನು ಅದನ್ನ ಎಳೆಯೋಳು."
"ದಿನಕ್ಕೆ ಎಷ್ಟು ಸಲ?"
"ಅದನ್ನೇ ಜಾಸ್ತಿ."

ಹಾಗಾದರೆ ಎಲ್ಲಕ್ಕಿಂತ ಗಾಢ.
ಹದಿನಾಲ್ಕನೇ ಚೂರಿನ ನೀರು, ಮೇಲೆ
ಸ್ಪಿರಿಟ್ಟಿನಲ್ಲಿ ಕರಗಿದ ಅರಗು,
ಹಳೇ ಬನಿಯನ್ನಿನ ಉಂಡೆಯಲ್ಲಿ ಎಂಟರ ಸುತ್ತು ಸುತ್ತಿ.
ಆಮೇಲೆ ಕೊಬ್ಬರಿ ಎಣ್ಣೆ ಮುಟ್ಟಿದ ಕೈಯಲ್ಲಿ
ಗಿರಾಕಿಯಿಲ್ಲದ ಮಧ್ಯಾಹ್ನವೆಲ್ಲ
ಎಳೆದೆ, ತಳ್ಳಿದೆ, ಎಳೆದೆ,
ಬಾರದ ರೋಗಿಗಳಿಗೆಲ್ಲ ಗುಳಿಗೆ ಕೊಟ್ಟೆ.
ಅರ್ಧ ಛಾಯೆ ಹಿಂದೆಯೇ ನಿಲ್ಲಿಸಿದೆ.
ತೇಗ ತಾನೂ ಕಪ್ಪಾಗುತ್ತದೆ, ಮಿಕ್ಕದ್ದು ಅದರ ಪಾಲು.
ಒಳಗೆ ಏನೂ ಹಚ್ಚಲಿಲ್ಲ.

ಶನಿವಾರ ಬಂದರು, ಕನ್ನಡಕ ಮನೆಯಲ್ಲೇ ಬಿಟ್ಟು.
ಪೆಟ್ಟಿಗೆಯ ಪಕ್ಕ ನಿಂತು ಅವರು ನೋಡಿದ್ದು ನನ್ನ ಕೈ,
ಉಗುರಿನ ಬುಡಕ್ಕಿಳಿದ ಕಂದು, ಬಿರಿದ ಚರ್ಮ.
"ಏನಪ್ಪಾ ಇದು, ಏನಾಗಿದೆ?"
"ಏನೂ ಇಲ್ಲ ಮೇಡಂ" ಅಂದೆ.

ಅವರ ಬಲಗೈ ತಾನೇ ಹೋಯಿತು,
ಏಳನೇ ಸಾಲು, ಎಡದಿಂದ ಎರಡು,
ಎಳೆಯಿತು.
ಒಳಗೆ ಹಸಿ ತೇಗದ ಹಳದಿ. ವಾಸನೆ.
ಖಾಲಿ.
ಸ್ವಲ್ಪ ಹೊತ್ತು ಇಬ್ಬರೂ ಅದನ್ನೇ ನೋಡಿದೆವು.
ಹೊರಗೆ ಟೆಂಪೋದವನು ಹಾರ್ನ್ ಹೊಡೆದ.