ಚಳಿಗೊಂದು ಫ್ಯಾನು

ಅತ್ತಿಗುಂಡಿಯ ಲೈಬ್ರರಿಗೆ ಫ್ಯಾನು ಬೇಕೆಂದು ಬರೆದೆ,
ಡಿಸೆಂಬರಿನಲ್ಲಿ.
ಚಿಕ್ಕಮಗಳೂರಿನ ಕಚೇರಿ ಕಾಗದ ವಾಪಸು ಕಳಿಸಿತು,
ಅಂಚಿನಲ್ಲಿ ಕೆಂಪು ಶಾಯಿ:
"ಮೇಡಂ, ತಮಗೆ ಸೆಖೆಯೇ?"

ಸೆಖೆಯಲ್ಲ ಸಾರ್.
ತೆಂಗಿನೆಣ್ಣೆ ಸೀಸೆಯೊಳಗೆ ಮಧ್ಯಾಹ್ನದವರೆಗೆ ಕಲ್ಲು.
ಪೇಪರು ಹಿಡಿದವರು ಕೈ ಹೊರಗೆ ತೆಗೆಯಲಾರದೆ
ಮೊದಲ ಪುಟವನ್ನೇ ಮೂರು ಸಲ ಓದುತ್ತಾರೆ.

ಒಲೆಯಿದೆ. ಹಸನಬ್ಬ ಹಳೇ ಸಿಲಿಂಡರ್ ಕೊಯ್ದು
ಮೂರು ಕಾಲು, ಒಂದು ಬಾಗಿಲು, ನೆತ್ತಿಗೆ ದಪ್ಪ ತಗಡು ಬೆಸೆದು
ಹೊಗೆಕೊಳವೆಯನ್ನು ಗೋಡೆಯಾಚೆ ಹಾಯಿಸಿಕೊಟ್ಟದ್ದು.
ಪುಸ್ತಕದ ಕಪಾಟಿಗೆ ಎಂಟಡಿ ದೂರ, ಟೇಪು ಹಿಡಿದವಳು ನಾನೇ.
ತೋಟದವರು ಕಿತ್ತು ಹಾಕಿದ ಕಾಫಿ ಬೊಡ್ಡೆ ಉರಿಯುತ್ತದೆ,
ಸಿಲ್ವರ್ ಓಕಿನ ಹಾಗೆ ಅವಸರವಿಲ್ಲ ಅದಕ್ಕೆ.
ಕಾವು ಮಾತ್ರ ನೆಟ್ಟಗೆ ಮಾಡಿಗೆ ಹೋಗಿ ಕೂತುಬಿಡುತ್ತದೆ;
ಹೆಂಚಿನ ಕೆಳಗೆ ಹಲ್ಲಿಗಳು ಸುಖವಾಗಿವೆ.
ಒಲೆಯ ಮಗ್ಗುಲ ಬೆಂಚಿನಲ್ಲಿ ಮೊಣಕಾಲು ಸುಡುತ್ತದೆ,
ಕಿಟಕಿಯ ಬೆಂಚಿನಲ್ಲಿ ಬಾಯಿಬಿಟ್ಟರೆ ಹೊಗೆ.
ಆ ಬೆಂಚು ಇಂಥವರದೆಂದು ಯಾರೂ ಬರೆದಿಟ್ಟಿಲ್ಲ.
ತಡವಾಗಿ ಬಂದವರದು.
ಅಂದರೆ, ದಿನವೂ ಹಣ್ಣು ಕೊಯ್ದು, ತೂಕ ಒಪ್ಪಿಸಿ ನಾಲ್ಕೂವರೆಗೆ ಬರುವ,
ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ ಸೆಲ್ವರಾಣಿಯದು.

ಇದಕ್ಕೆ ಕರೆಂಟು ಬೇಡ, ಸೆಲ್ಲು ಬೇಡ,
ಒಲೆಯ ನೆತ್ತಿಯ ಮೇಲೆ ಕೂತು
ಒಲೆಯ ಕಾವನ್ನೇ ಉಂಡು ತಿರುಗುತ್ತದೆ
ಎಂದು ಎರಡನೇ ಕಾಗದ.
ಮೂರು ಕೊಟೇಷನ್ ಕೇಳಿದರು. ತರಿಸಿದೆ.
ಎರಡು ರೆಕ್ಕೆಯದು. ನಾಲ್ಕು ರೆಕ್ಕೆಯದು.
ಮತ್ತೊಂದು ಜೋಡಿ ತಲೆಯದು, ಪಟ್ಟದ ಗೊಂಬೆಗಳ ಹಾಗೆ.
ರಿಟೈರಾದ ಲೈನ್‌ಮನ್ ಕುಬೇರಪ್ಪ ಕನ್ನಡಕ ಒರೆಸಿದರು:
"ರೆಕ್ಕೆ ಎಣಿಸಬೇಡಿ ತಾಯಿ. ಬುಡ ನೋಡಿ, ಬೆನ್ನು ನೋಡಿ.
ಬುಡ ಕಾಯಬೇಕು, ಬೆನ್ನು ತಣ್ಣಗಿರಬೇಕು,
ನಡುವೆ ಬಿಸ್ಕತ್ತಿನಷ್ಟು ಒಂದು ಬಿಲ್ಲೆ;
ಅದು ಬದುಕೋದು ಇವೆರಡರ ಜಗಳದಿಂದ."
ಮೂವತ್ತು ವರ್ಷ ಕಂಬ ಹತ್ತಿ ಜೀವಂತ ಇಳಿದವರು. ನಂಬಿದೆ.
ಎಷ್ಟು ಬಿಸಿಗೆ ಏಳುತ್ತೆ, ಎಷ್ಟಕ್ಕೆ ಸಾಯುತ್ತೆ
ಬರೆಯದಿದ್ದ ಅಗ್ಗದ್ದನ್ನು ಬದಿಗಿಟ್ಟೆವು.
ಜೋಡಿ ತಲೆ ನಮ್ಮ ತಗಡಿಗೆ ಅಗಲವಾಯಿತು.
ನಾಲ್ಕು ರೆಕ್ಕೆ ಗೆದ್ದಿತು, ಏಳು ವೋಟಿಗೆ ಎರಡು.

ಕಚೇರಿಯಲ್ಲಿ ಅದಕ್ಕೊಂದು ತಲೆಬರಹ ಸಿಗಲಿಲ್ಲ.
ವಿದ್ಯುತ್ ಉಪಕರಣ ಎನ್ನಲು ಪ್ಲಗ್ಗಿಲ್ಲ,
ಪೀಠೋಪಕರಣ ಎನ್ನಲು ಸುಮ್ಮನೆ ಕೂರುವುದಿಲ್ಲ.
ಕೊನೆಗೆ ಹಳೇ ಪೇಪರು ಮಾರಿದ ದುಡ್ಡಿನಲ್ಲಿ ಬಂತು.

ಬಂದ ದಿನ ಚಂದ ಕಾಣಲೆಂದು ಕೊಳವೆಯ ಪಕ್ಕ ಇಟ್ಟೆ.
ನಾಲ್ಕು ಸುತ್ತು ತಿರುಗಿ, ತೂಕಡಿಸಿ, ನಿಂತಿತು.
ಏಳು ವೋಟು ಹಾಕಿದವರು ಕೆಮ್ಮಿದರು.
"ಬೆನ್ನೂ ಕಾದಿದೆ. ಇನ್ನು ಯಾರ ಜೊತೆ ಜಗಳ ಅದಕ್ಕೆ?"
ಕುಬೇರಪ್ಪ ಹಿಡಿಯನ್ನು ಇಕ್ಕಳದಲ್ಲಿ ಕಚ್ಚಿ, ರೆಕ್ಕೆ ಮುಟ್ಟದೆ,
ತಗಡಿನ ಹಿಂದಿನ ಅಂಚಿಗೆ ಸರಿಸಿದರು.
ಆಮೇಲೆ ಹಿಂಬಾಗಿಲ ಸಂದಿ ತೋರಿಸಿದರು,
ವರ್ಷಗಳಿಂದ ನಾವು ಶಪಿಸುತ್ತ ಪೇಪರು ತುರುಕಿದ್ದ ಸಂದಿ.
ಎಳೆದೆ. ಮಿಥುನಕ್ಕೆ ಧನಲಾಭ ಎಂದಿತ್ತು ಅದರಲ್ಲಿ, ಯಾವ ಕಾಲದ್ದೋ.
ಗಿರಿಯ ಗಾಳಿ ಸುಯ್ಯನೆ ಒಳಬಂದು
ಫ್ಯಾನಿನ ಬೆನ್ನಿಗೆ ಕೈಯಿಟ್ಟಿತು.

ಸದ್ದಿಲ್ಲ. ಮೊದಲು ರೆಕ್ಕೆ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ.

ನಾಲ್ಕೂವರೆಗೆ ಸೆಲ್ವರಾಣಿ ತನ್ನ ಬೆಂಚಿನಲ್ಲಿ ಕೂತಳು.
ನಾವ್ಯಾರೂ ಏನೂ ಹೇಳಲಿಲ್ಲ, ಓದುವವರ ಹಾಗೆ ನಟಿಸಿದೆವು.
ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿದಳು.
ಸ್ವಲ್ಪ ಹೊತ್ತು ಬಿಟ್ಟು ಸ್ವೆಟರಿನ ಮೇಲಿನ ಗುಂಡಿ.
"ಇವತ್ತು ಇಲ್ಲಿ ಬಿಸಿಲು ಬಿದ್ದಿತ್ತಾ ಮೇಡಂ?"
ಬುಡ, ಬೆನ್ನು, ಬಿಲ್ಲೆ, ಎಲ್ಲ ಹೇಳಿದೆ.
ಕುಬೇರಪ್ಪ ನಡುನಡುವೆ ತಿದ್ದಿದರು.
ಆರಕ್ಕೆ ಕೆಂಡ ಬೂದಿಯಾಗಿ ರೆಕ್ಕೆಗಳು ಒಂದೊಂದಾಗಿ ಕಾಣತೊಡಗಿದಾಗ
ಲೈಬ್ರರಿ ಮುಚ್ಚಿದೆ. ಈಗ ನಮಗೆ ಅದೇ ಗಂಟೆ.

ಮರುದಿನ ಒಂದು ಕಂಕುಳಲ್ಲಿ ವಿಜ್ಞಾನದ ಪುಸ್ತಕ,
ಇನ್ನೊಂದರಲ್ಲಿ ಮಣ್ಣು ಮೆತ್ತಿದ ಕಾಫಿ ಬೊಡ್ಡೆ.
ಒಲೆಯ ಪಕ್ಕ ಧಡಕ್ಕನೆ ಇಳಿಸಿ ಅಂದಳು:
"ಜಗಳಕ್ಕೆ."