ಗಾಳಿ ಸ್ವಲ್ಪ ಕಡಿಮೆ

ಹೊರಡುವ ಮುಂಚೆ ದ್ರೇಯ್ಚ್ ಬಗ್ಗಿ ನನ್ನ ಟೈರಿಗೆ
ಹೆಬ್ಬೆರಳೊತ್ತಿ ನೋಡಿದ,
ಅಂಜೂರ ಹಣ್ಣಾಯಿತೇ ಎಂದು ನೋಡುವವರ ಹಾಗೆ.
‘ಗಟ್ಟಿ ಟೈರು ಜಲ್ಲಿ ಮೇಲೆ ಜಗಳಗಂಟಿ, ಚಿಕ್ಕಮ್ಮ,
ಕಲ್ಲು ಕಲ್ಲಿಗೂ ಎದುರುತ್ತರ.
ಗಾಳಿ ಸ್ವಲ್ಪ ಕಡಿಮೆ ಇರಲಿ.’
ಉಸ್ಸೆಂದು ಒಂದಿಷ್ಟು ಬಿಟ್ಟ.
ಹದಿನೇಳು ವರ್ಷದವರಿಗೆ ಎಲ್ಲ ಗೊತ್ತಿರುತ್ತದೆ.

ಬ್ರ್ದಾ ಅಂದರೆ ಗುಡ್ಡಗಳು. ಹೆಸರಿಟ್ಟವರು ಸುಳ್ಳಾಡಿಲ್ಲ.
ಒಂದನ್ನು ಹತ್ತಿ ಉಸ್ಸಪ್ಪಾ ಅನ್ನುವಷ್ಟರಲ್ಲಿ
ಇನ್ನೊಂದು ಕುತ್ತಿಗೆ ಎತ್ತಿ ನಿಂತಿರುತ್ತದೆ.
ಮೆದಾನದ ಗಂಟೆ ಏಳು ಹೊಡೆಯತೊಡಗಿತು,
ಏಳೂ ಮುಗಿಯುವುದರೊಳಗೆ ನಾನು ಕೊನೆಯ ಗೇರಿಗೆ ಇಳಿದಿದ್ದೆ.
ನಲವತ್ತೊಂಬತ್ತರ ಮೊಣಕಾಲು, ಸಾಲ ಕೊಟ್ಟ ಸಂಬಂಧಿಯ ಹಾಗೆ,
ಒಂದೊಂದು ಸುತ್ತನ್ನೂ ಬರೆದಿಟ್ಟುಕೊಳ್ಳುತ್ತಿತ್ತು.

ಇಳಿಯುವುದು ಇನ್ನೂ ಕಷ್ಟ.
ಹ್ಯಾಂಡಲ್ಲು ಬಿಗಿ ಹಿಡಿದರೆ ಬೀಳುತ್ತೀ, ಬಿಟ್ಟರೂ ಬೀಳುತ್ತೀ.
ನಡುವೆ ಎಲ್ಲೋ ಒಂದು ಹಿಡಿತವಿದೆ, ಪಾರಿವಾಳ ಹಿಡಿದಂಥದ್ದು;
ಬಿದ್ದವರಿಗೆ ಮಾತ್ರ ಬರುತ್ತದೆ.

ದ್ರೇಯ್ಚನ ಹಿಂಚಕ್ರದಿಂದೆದ್ದ ಬಿಳಿ ಧೂಳು
ನನ್ನ ಹಲ್ಲಿನ ಮೇಲೆ ಕರಕರ.
ಈ ಮಣ್ಣಿಗೆ ಓಪೊಕ ಅಂತಾರೆ ನಮ್ಮಲ್ಲಿ.
ಅಗೆಯುವಾಗ ಬಂಡೆ, ಗುದ್ದಲಿಯ ಬಾಯಿ ಮುರಿಯುತ್ತದೆ;
ಎರಡು ಚಳಿಗಾಲ ಹೊರಗೆ ಬಿದ್ದಿರಲಿ, ಬೆರಳಲ್ಲಿ ಹಿಟ್ಟು.
ದ್ರಾಕ್ಷಿಗೆ ಇದೇ ಬೇಕು.
ಹೊಟ್ಟೆ ತುಂಬಿದ ಬಳ್ಳಿ ಎಲೆಯ ಮೇಲೆ ಎಲೆ ಬಿಟ್ಟು
ಹಣ್ಣನ್ನೇ ಮರೆಯುತ್ತದೆ.

ರೆಬೂಲದ ಸಾಲುಗಳಲ್ಲಿ ಕೊಯ್ಲು.
ಬೋಸ್ನಿಯಾದಿಂದ ಬಂದವರು ಕತ್ತರಿ ನಿಲ್ಲಿಸಿ ನೋಡಿದರು
ಕೂಲಿಯಿಲ್ಲದೆ ಬೆವರು ಸುರಿಸುವ ಹುಚ್ಚರನ್ನ.
ಒಬ್ಬ ಒಂದು ಗೊಂಚಲು ಎಸೆದ. ಹಿಡಿದೆ!
ಹಿಡಿದ ಹೆಮ್ಮೆಯಲ್ಲಿ ದಾರಿ ನೋಡಲಿಲ್ಲ.
ಬಳ್ಳಿ ಕಟ್ಟುವ ತಂತಿಯ ತುಂಡೊಂದು
ಟೈರಿನೊಳಗೆ ಸದ್ದಿಲ್ಲದೆ ಹೋಗಿ ಕೂತಿತು.

ಅಲ್ಲೇ ಒಂದು ಮನೆ. ಮಿಲೊಯ್ಕ, ಎಂಬತ್ತು ದಾಟಿದವಳು,
ಕೇಳುವ ಮೊದಲೇ ಬಕೆಟ್ಟಿನಲ್ಲಿ ನೀರು ತಂದಿಟ್ಟಳು.
ಟ್ಯೂಬು ಮುಳುಗಿಸಿದೆವು. ಗುಳುಗುಳು
ಒಂದೇ ಜಾಗದಿಂದ ಗುಳ್ಳೆ.
ಮೂವರೂ ಬಗ್ಗಿ ನೋಡಿದೆವು,
ತೊಟ್ಟಿಲು ನೋಡುವ ಹಾಗೆ.

ಅವಳೇ ಶುರು ಮಾಡಿದಳು.
‘ಗಡಿ ಎಳೆದವರು ನಮ್ಮ ಕೊಟ್ಟಿಗೆಯ ಹಿಂದೆ ಎಳೆದರು.
ಅಪ್ಪನ ಮೂರು ಸಾಲು ಬಳ್ಳಿ ಇಟಲಿಗೆ ಹೋಯಿತು,
ಬಳ್ಳಿಗೆ ಗೊತ್ತೇ ಆಗಲಿಲ್ಲ.
ತಿಂಗಳಿಗೆ ನಾಲ್ಕು ಸಲ, ಚೀಟಿ ತೋರಿಸಿ, ಆಚೆ ಹೋಗಬಹುದು.
ಹೋಗುವಾಗ ಕತ್ತರಿ, ಬುತ್ತಿ.
ಬರುವಾಗ...’ ಸುತ್ತ ನೋಡಿದಳು, ಈಗಲೂ,
‘ಬರುವಾಗ ಹಿಂದಿನ ಟೈರಿನಲ್ಲಿ ಟ್ಯೂಬು ಇರುತ್ತಿರಲಿಲ್ಲ.
ಹುರಿದ ಕಾಫಿ ಬೀಜ. ಒತ್ತೊತ್ತಿ ತುಂಬಿದರೆ ಒಂದೂವರೆ ಕಿಲೋ.
ಹತ್ತುವ ಹಾಗಿಲ್ಲ, ತಳ್ಳಿಕೊಂಡೇ ಬರಬೇಕು.
ಈ ಜಲ್ಲಿಯ ಮೇಲೆ, ಅಯ್ಯೋ, ಗಲಗಲ ಗಲಗಲ,
ಕೊರಳಗಂಟೆ ಕಟ್ಟಿದ ಹಸುವಿನ ಹಾಗೆ.

‘ಕಾವಲಿನ ಹುಡುಗ ಮ್ಯಾಸಿಡೋನಿಯಾದವನು, ಮೀಸೆ ಇನ್ನೂ ಚಿಗುರು.
ನಿಲ್ಲು ಅಂದ. ಬಗ್ಗಿದ. ಟೈರಿಗೆ ಹೆಬ್ಬೆರಳೊತ್ತಿದ.
ಆ ಘಮ ಗೋರಿಯೊಳಗಿನ ಹೆಣಕ್ಕೂ ಗೊತ್ತಾಗುತ್ತಿತ್ತು.
ನನ್ನ ಮುಖ ನೋಡಿದ. ಬಹಳ ಹೊತ್ತು, ಅಥವಾ ಇಲ್ಲ.
“ಗಾಳಿ ಸ್ವಲ್ಪ ಕಡಿಮೆ,” ಅಂದ,
“ಮನೆಗೆ ಹೋಗಿ ಹಾಕಿಸಿಕೋ.”’

‘ಆಮೇಲೆ?’ ದ್ರೇಯ್ಚ್ ಕೇಳಿದ.
‘ಆಮೇಲೇನು, ಕಾಫಿ ಕುಡಿದೆವು.
ಚಳಿ ಹಿಡಿಯುವ ಮೊದಲು ಅವನನ್ನು ಬೇರೆಲ್ಲಿಗೋ ಹಾಕಿದರು.
ಹೆಸರು ಕೇಳಿರಲಿಲ್ಲ.
ಕಾವಲಿನವರ ಹೆಸರು ಯಾರು ಕೇಳುತ್ತಾರೆ?’
ಏಪ್ರನ್ನಿಗೆ ಕೈ ಒರೆಸಿಕೊಂಡು
ಬಕೆಟ್ಟಿನ ನೀರನ್ನು ಗುಲಾಬಿಯ ಬುಡಕ್ಕೆ ಸುರಿದಳು.

ತೇಪೆ ಹಾಕಿ ಹೊರಟೆವು. ಇಳಿಜಾರು.
‘ಗಡಿ ಎಲ್ಲಿ, ಚಿಕ್ಕಮ್ಮ?’ ಆಗಲೇ ದಾಟಿದ್ದ ಅವನು.
ಹುಲ್ಲಿನಲ್ಲಿ ಮೊಣಕಾಲೆತ್ತರದ ಒಂದು ಕಲ್ಲು,
ಅದರ ತಲೆಯ ಮೇಲೆ ಯಾರೋ ಮರೆತ ಕತ್ತರಿ.
ನಾನು ಬ್ರೇಕು ಬಿಟ್ಟೆ.
ಎರಡು ತೋಟಗಳ ನಡುವೆ ಬಿಳಿ ದಾರಿ ಜಾರುತ್ತಿತ್ತು;
ಹಿಂದಿನ ಚಕ್ರದಲ್ಲಿ ಏನೋ ಗಲಗಲ.
ಕಲ್ಲಿರಬೇಕು.
ನಿಂತು ನೋಡಲಿಲ್ಲ.