ಮೂರನೇ ಗಂಟು

ಭಾನುವಾರ ಅಮ್ಮತ್ತಿಯಲ್ಲಿ
ನಾನು ಅಂಗಡಿಯ ಶಟರ್ ಎತ್ತುವ ಮೊದಲೇ
ಆ ಗೋಲನ್ನು ಎತ್ತಿರುತ್ತಾರೆ.

"ಬೋರ್ಡಿಗೆ ಬಡಿದ ಸದ್ದು ಈ ಕಿವಿಯಲ್ಲಿ ಇನ್ನೂ ಇದೆ"
ಎನ್ನುತ್ತಾರೆ ಕೇಳಿಯಂಡ ಮೇದಪ್ಪ.
ಆ ಕಿವಿಗೆ ಹೋದ ವರ್ಷ ಮಿಷನ್ ಹಾಕಿಸಿದ್ದಾರೆ.
"ಸದ್ದಿಗೆಲ್ಲ ಗೋಲು ಕೊಡೋದಾದರೆ ಗುಡುಗಿಗೂ ಕೊಡಬೇಕಿತ್ತು,"
ತೋರೆಯಂಡ ದೇಚಮ್ಮ, ಪರ್ಸಿನಿಂದ ತಲೆ ಎತ್ತದೆ.

ನನ್ನ ಕೊಚ್ಚುವ ದಿಮ್ಮಿಯೇ ಮೈದಾನ.
ಕಾಚಂಪುಳಿ ಬಾಟಲಿ ಎಡಗಂಬ, ಉಪ್ಪಿನ ಡಬ್ಬಿ ಬಲಗಂಬ,
ಬೆಂಕಿಪೊಟ್ಟಣ ಗೋಲ್‌ಕೀಪರ್.
ನಿಂಬೆಹಣ್ಣು ಒಂದು ವಾರ ಮುಂದಿನಿಂದ ಹೋಗುತ್ತದೆ,
ಒಂದು ವಾರ ಪಕ್ಕದಿಂದ.
ಇಪ್ಪತ್ತಾರು ವರ್ಷ. ಎಷ್ಟು ನಿಂಬೆಹಣ್ಣು!
ಕೊನೆಗೆ ಯಾರಾದರೊಬ್ಬರು ದನಿ ತಗ್ಗಿಸಿ,
"ಅಂಪೈರಿನ ಹೆಂಡತಿ ಯಾವ ಒಕ್ಕದ ಹುಡುಗಿ, ಅದು ಹೇಳಿ ನೋಡುವ."
ಎಲ್ಲರಿಗೂ ಗೊತ್ತು. ಕೇಳಿಯಂಡದವಳು.
ಅಲ್ಲಿಗೆ ಕ್ಯೂ ಒಂದು ಹೆಜ್ಜೆ ಮುಂದೆ ಸರಿಯುತ್ತದೆ,
"ತೊಡೆ ಕಡೆಯದು ಎರಡು ಕೆಜಿ ಹಾಕು ಸವರಿ, ಚರ್ಮ ಇರಲಿ."

ನಾನು ಹಾಕುತ್ತೇನೆ.

ಆ ಏಪ್ರಿಲ್‌ನಲ್ಲಿ ನನಗೆ ಹನ್ನೊಂದು.
ಲೈನ್ ಮನೆಯ ಹುಡುಗ, ನೆಟ್ ಕಟ್ಟುವ ಕೆಲಸ,
ದಿನಕ್ಕೆ ಹತ್ತು ರೂಪಾಯಿ, ಒಂದು ಬನ್ನು.
ಎಡಗಂಬದಲ್ಲಿ ಕೆಳಗಿನಿಂದ ಒಂದು, ಎರಡು,
ಮೂರನೆಯದಕ್ಕೆ ದಾರ ಮುಗಿಯಿತು.
ಅದನ್ನು ಬಿಟ್ಟು ಮೇಲಿನವಕ್ಕೆ ಹಳೇ ದಾರ ಬಿಚ್ಚಿ ಕಟ್ಟಿದೆ,
ಹೊಸದು ತರುವ ಅಂತ ಹೊರಟೆ.
ಗೇಟಿನಲ್ಲಿ ಐಸ್‌ಕ್ಯಾಂಡಿ ಗಾಡಿ ನಿಂತಿತ್ತು.

ಒಂದಕ್ಕೊಂದು. ಉಳಿದದ್ದು ಎರಡು ನಿಮಿಷ.
ಚೆಂಡು ಪತ್ತಾಯದ ಸಂದಿಗೆ ಇಲಿ ನುಗ್ಗಿದ ಹಾಗೆ ನುಗ್ಗಿತು.
ನನ್ನ ಕಾಲಿನಿಂದ ಮೂರು ಮಾರು.
ಹವಾಲ್ದಾರ್ ಪಳಂಗಪ್ಪ ಸೀಟಿ ಊದಿ
ಮಧ್ಯದ ಕಡೆ ಕೈ ತೋರಿಸಿದರು.
ಆ ಕೈ ಇಳಿಯುವುದರೊಳಗೆ ಕುರ್ಚಿಗಳು ಹಾರುತ್ತಿದ್ದವು.

ಆಮೇಲೆ ಅವರು ಸೀಟಿ ಮುಟ್ಟಲಿಲ್ಲ.
ತೋರೆಯಂಡದ ಮದುವೆಗಳಿಗೆ ಅವರಿಗೆ ಕರೆಯಿಲ್ಲ,
ಸಾವಿನ ಸುದ್ದಿ ಮಾತ್ರ ತಲುಪುತ್ತದೆ.
ಹೋಗುತ್ತಾರೆ. ಬಿಳಿ ಪಂಚೆ ಉಟ್ಟು, ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ.

ನನ್ನಲ್ಲಿಗೂ ಅವರು ಬರುವುದು ಕಡೆಗೆ,
ಒಂದು ಗಂಟೆಗೆ, ಕ್ಯೂ ಕರಗಿ,
ಕೊಕ್ಕೆಯಲ್ಲಿ ಪಕ್ಕೆಲುಬಷ್ಟೇ ಉಳಿದಾಗ.
ಹೋದ ವಾರ ದಿಮ್ಮಿಯ ಮೇಲೆ
ಬಾಟಲಿ, ಡಬ್ಬಿ ಹಾಗೇ ನಿಂತಿದ್ದವು.
ನೋಡಿದರು. ಬೆಂಕಿಪೊಟ್ಟಣವನ್ನು ಒಂದು ಬೆರಳು ಎಡಕ್ಕೆ ಸರಿಸಿದರು.
"ಇಲ್ಲಿದ್ದ ಅವನು. ನೀನು ಗೋಲಿನ ಹಿಂದೆ ಇದ್ದೆಯಲ್ಲವಾ?"

ಇಷ್ಟು ವರ್ಷ ನಾಲಿಗೆಯಡಿ ಇಟ್ಟುಕೊಂಡ ವಾಕ್ಯ
ಅರ್ಧವೇ ಬಂತು. "ಮೂರನೇ ಗಂಟು, ಸಾರ್..."

"ಗೊತ್ತು.
ಆಟಕ್ಕೆ ಮುಂಚೆ ನೆಟ್ ಎಳೆದು ನೋಡೋದು ಅಂಪೈರ್ ಕೆಲಸ.
ಎಳೆದೆ. ಎಡಗಡೆ ಬಿಟ್ಟುಕೊಂಡು ಬಂತು.
ವಾಲಗ ಶುರುವಾಗಿತ್ತು, ಮಂತ್ರಿ ವಾಚ್ ನೋಡ್ತಾ ಇದ್ದ.
ಅಷ್ಟು ಸಂದಿಯಲ್ಲಿ ಏನು ಹೋಗ್ತದೆ ಅಂದುಕೊಂಡೆ."

"ಹಾಗಾದರೆ ಸೀಟಿ?"

"ಒಳಗೆ ಚೆಂಡು ಕಂಡಿತು. ಊದಿದೆ.
ಹೋದದ್ದು ಕಾಣಲಿಲ್ಲ. ಬಿಸಿಲು ಕಣ್ಣಿಗಿತ್ತು."
ಸ್ವಲ್ಪ ತಡೆದು, "ಹಾಗಂತ ಯಾರಿಗೆ ಹೇಳಲಿ, ಬಿಸಿಲು ಅಂತ?"

ಅರ್ಧ ಕೆಜಿ ಕೇಳಿದರು.
ನಾನು ಒಂದು ತುಂಡು ಹೆಚ್ಚಿಗೆ ಹಾಕಿದೆ.
ಮುಳ್ಳು ನೋಡಿ, ಎರಡು ಬೆರಳಲ್ಲಿ ಅದನ್ನೆತ್ತಿ
ದಿಮ್ಮಿಗೆ ವಾಪಸ್ ಇಟ್ಟರು,
ಸರಿಯಾಗಿ ಪೆನಾಲ್ಟಿ ಸ್ಪಾಟಿನ ಮೇಲೆ.

ಈ ಭಾನುವಾರ ಮತ್ತೆ ಶುರು.
ದೇಚಮ್ಮ ನಿಂಬೆಹಣ್ಣು ಹಿಡಿದು ನನ್ನ ಕಡೆ ತಿರುಗಿದರು.
"ನೀನೂ ಅಲ್ಲೇ ಇದ್ದೆಯಲ್ಲ, ಬಾಯಿ ಬಿಡು."
"ನಾನಾಗ ಚಿಕ್ಕವ. ಐಸ್‌ಕ್ಯಾಂಡಿ ತಿನ್ನುತ್ತಿದ್ದೆ."
ಅದು ಸುಳ್ಳಲ್ಲ.

"ಯಾವ ಬಣ್ಣದ್ದು?" ಎಂದರು ಮೇದಪ್ಪ.
ಅದಕ್ಕೂ ಎರಡು ಪಕ್ಷವಾಯಿತು.